ಲಂಕೇಶರ ಸಿನಿಮಾ ವರ್ಷಗಳು

ಲಂಕೇಶರು ಸಿನಿಮಾಕ್ಕೆ ಬಂದದ್ದು ಹೆಣವಾಗಿ. ತಮಾಷೆಗೆ ಹೇಳುತ್ತಿಲ್ಲ. 1970ರ ‘ಸಂಸ್ಕಾರ’ದಲ್ಲಿ ಅವರಿಗೆ ಸಿಕ್ಕ ಪಾತ್ರ ನಾರಣಪ್ಪನದು. ಅನಂತಮೂರ್ತಿಯವರ ಕಾದಂಬರಿ ಓದಿದವರಿಗೆಲ್ಲ ಗೊತ್ತು, ನಾರಣಪ್ಪ ಸತ್ತ ಮೇಲೇ ಆ ಕಥೆ ಶುರುವಾಗುವುದು. ಹೆಣ ಮನೆಯೊಳಗೆ ಕೊಳೆಯುತ್ತಿರುತ್ತದೆ, ಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರ ಚರ್ಚೆ ಮಾಡುತ್ತಿರುತ್ತದೆ. ಬದುಕಿದ್ದ ನಾರಣಪ್ಪ ತೆರೆಯ ಮೇಲೆ ಕಾಣುವುದು ಸ್ವಲ್ಪವೇ ಹೊತ್ತು. ಆದರೆ ಆ ಸ್ವಲ್ಪ ಹೊತ್ತಿನಲ್ಲಿ ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯರ ಎದುರು ನಿಂತು, ಅವರ ಮಡಿಯನ್ನೂ ಪಾಂಡಿತ್ಯವನ್ನೂ ಒಟ್ಟಿಗೇ ಹಂಗಿಸುವ ಮನುಷ್ಯನನ್ನು ನೋಡಿ. ನಟನೆ ಕಲಿತವರ ಹದ ಅಲ್ಲಿ ಕಾಣುವುದಿಲ್ಲ. ಕೊನಗವಳ್ಳಿಯ ಲಿಂಗಾಯತ ರೈತರ ಮನೆಯ ಹುಡುಗ, ಬೆಂಗಳೂರಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರು, ಮಾಧ್ವ ಬ್ರಾಹ್ಮಣನ ಪಾತ್ರದಲ್ಲಿ ಅಗ್ರಹಾರದ ಮುಖಕ್ಕೆ ಹೊಡೆದಂತೆ ಮಾತಾಡುತ್ತಾನೆ. ಪಾತ್ರಕ್ಕೂ ಮನುಷ್ಯನಿಗೂ ಹೆಚ್ಚು ಅಂತರವಿರಲಿಲ್ಲ ಎಂದೇ ನನಗೆ ಯಾವಾಗಲೂ ಅನ್ನಿಸಿರುವುದು.

ಆ ಚಿತ್ರದ ತಂಡವನ್ನೇ ಗಮನಿಸಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ. ಚಿತ್ರಕಥೆ ಬರೆದ ಕಾರ್ನಾಡರು ನಾಟಕಕಾರರು, ಮದರಾಸಿನ ಆಕ್ಸ್‌ಫರ್ಡ್ ಪ್ರಕಾಶನ ಸಂಸ್ಥೆಯ ಕೆಲಸದಲ್ಲಿ ಇದ್ದವರು. ಸಂಗೀತ ಕೊಟ್ಟ ರಾಜೀವ ತಾರಾನಾಥರು ಸರೋದ್ ವಾದಕರು, ಜೊತೆಗೆ ಇಂಗ್ಲಿಷ್ ಪ್ರಾಧ್ಯಾಪಕರು. ಕಲೆ ಎಸ್.ಜಿ. ವಾಸುದೇವ್ ಅವರದು, ಅವರು ಚಿತ್ರಕಾರರು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವನು. ಚಂದ್ರಿಯಾದ ಸ್ನೇಹಲತಾ ರೆಡ್ಡಿ ಮದರಾಸಿನ ಹವ್ಯಾಸಿ ರಂಗಭೂಮಿಯಿಂದ ಬಂದವರು. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ, ಸ್ಟುಡಿಯೋದ ಹಂಗಿಲ್ಲದೆ, ನಿಜವಾದ ಮನೆಗಳಲ್ಲಿ, ನಿಜವಾದ ಬೆಳಕಿನಲ್ಲಿ ಚಿತ್ರೀಕರಣ ನಡೆಯಿತು. ಗಾಂಧಿನಗರದಿಂದ ಬಂದವರನ್ನು ಆ ಪಟ್ಟಿಯಲ್ಲಿ ಹುಡುಕಬೇಕು. ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು, ದೆಹಲಿ ಬಿಡುಗಡೆ ಮಾಡಿತು, ಕೊನೆಗೆ ಸ್ವರ್ಣಕಮಲ ಬಂತು. ಕನ್ನಡಕ್ಕೆ ಅದು ಮೊದಲನೆಯದು.

ಕನ್ನಡದ ಲೇಖಕನಿಗೆ ಸಿನಿಮಾ ಹೊಸದೇನೂ ಆಗಿರಲಿಲ್ಲ. ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ಕ್ಕೆ 1942ರಲ್ಲೇ ಅ.ನ.ಕೃ. ಬರೆದಿದ್ದರು. ಅದಕ್ಕೂ ಮೊದಲು ಶಿವರಾಮ ಕಾರಂತರು ಪುತ್ತೂರಿನ ಕಡೆ ಮೂಕಿ ಚಿತ್ರ ಮಾಡುವ ಸಾಹಸಕ್ಕೆ ಕೈ ಹಾಕಿದ್ದರು. ‘ಭೂತರಾಜ್ಯ’ ಅಂಥದೊಂದು. ಕಾರಂತರು ಯಾವುದಕ್ಕೆ ಕೈ ಹಾಕಲಿಲ್ಲ ಎಂದು ಕೇಳುವುದೇ ಸುಲಭ, ಆದ್ದರಿಂದ ಅವರನ್ನು ಲೆಕ್ಕದಿಂದ ಹೊರಗಿಡೋಣ. ಉಳಿದ ಲೇಖಕರ ಪಾಡು ಬೇರೆ. ಅವರು ಕಥೆ ಮಾರುತ್ತಿದ್ದರು, ಅಥವಾ ಸಂಭಾಷಣೆ ಬರೆಯುತ್ತಿದ್ದರು, ಆಮೇಲೆ ಬದಿಗೆ ನಿಲ್ಲುತ್ತಿದ್ದರು. ಟೈಟಲ್ ಕಾರ್ಡಿನಲ್ಲಿ ‘ಕಥೆ’ ಎಂಬ ಮಾತಿನ ಕೆಳಗೆ ಹೆಸರು ಬರುತ್ತಿತ್ತು, ಅಷ್ಟೇ. ತ್ರಿವೇಣಿಯವರಿಗಂತೂ ಅದೂ ನೋಡಲು ಸಿಗಲಿಲ್ಲ. ಅವರು ತೀರಿಕೊಂಡದ್ದು 1963ರಲ್ಲಿ, ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ ಬಂದದ್ದು 1967ರಲ್ಲಿ. ತ.ರಾ.ಸು. ಬದುಕಿದ್ದು ನೋಡಿದರು, ನೋಡಿ ಸಿಟ್ಟಾದರು. ಅವರ ಮೂರು ಕಾದಂಬರಿಗಳನ್ನು ಕಲಸಿ ಮಾಡಿದ ‘ನಾಗರಹಾವು’ ಜನರಿಗೆ ಹುಚ್ಚು ಹಿಡಿಸಿತು, ಕಾದಂಬರಿಕಾರರಿಗೆ ಮಾತ್ರ ಅದು ತಮ್ಮ ಹಾವಾಗಿ ಕಾಣಲಿಲ್ಲ.

ಎಪ್ಪತ್ತರ ದಶಕದಲ್ಲಿ ಈ ಏರ್ಪಾಟು ಮುರಿಯಿತು. ಭೈರಪ್ಪನವರ ‘ವಂಶವೃಕ್ಷ’ವನ್ನು ಕಾರ್ನಾಡರೂ ಬಿ.ವಿ. ಕಾರಂತರೂ ಸೇರಿ ನಿರ್ದೇಶಿಸಿದರು. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ವನ್ನು 1973ರಲ್ಲಿ ಕಾರ್ನಾಡರೊಬ್ಬರೇ ಮಾಡಿದರು, ಗೋವಿಂದ ನಿಹಲಾನಿಯವರ ಕ್ಯಾಮೆರಾದಲ್ಲಿ. ಇಷ್ಟಾದರೂ ಒಂದು ಹೆಜ್ಜೆ ಬಾಕಿ ಇತ್ತು. ಈ ಚಿತ್ರಗಳೆಲ್ಲ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮಾಡಿದವು. ತನ್ನದೇ ಕಾದಂಬರಿಯನ್ನು ಕೈಯಲ್ಲಿ ಹಿಡಿದು, ಚಿತ್ರಕಥೆ ತಾನೇ ಬರೆದು, ನಿರ್ದೇಶಕನ ಕುರ್ಚಿಯಲ್ಲಿ ಕೂತ ಲೇಖಕ ಲಂಕೇಶ್.

ಅಷ್ಟು ಹೊತ್ತಿಗೆ ಅವರು ಸಾಹಿತ್ಯದಲ್ಲಿ ಹೊಸಬರಾಗಿರಲಿಲ್ಲ. 1935ರಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಆನರ್ಸ್, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ಎ. ಮುಗಿಸಿದವರು. 1963ರಲ್ಲಿ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಎಂಬ ಕಥಾಸಂಕಲನ, 1967ರಲ್ಲಿ ‘ಬಿರುಕು’ ಕಾದಂಬರಿ, 1970ರಲ್ಲಿ ಹೊಸ ಕವಿಗಳನ್ನು ಒಟ್ಟಿಗೆ ತಂದ ‘ಅಕ್ಷರ ಹೊಸ ಕಾವ್ಯ’. ನಾಟಕಗಳು, ಬೋದಿಲೇರನ ಅನುವಾದ, ಸೋಫೋಕ್ಲಿಸನ ಅನುವಾದ. ‘ಅವ್ವ’ ಕವಿತೆಯಂತೂ ಕಾಲೇಜು ಹುಡುಗರ ಬಾಯಲ್ಲಿತ್ತು. ಅವರ ಗದ್ಯದ ಗುಣ ಬಲ್ಲವರಿಗೆ ಗೊತ್ತು. ವಾಕ್ಯ ಚಿಕ್ಕದು, ವಿಶೇಷಣ ಕಡಿಮೆ, ಪಾತ್ರಗಳು ತಮ್ಮೂರಿನ ಮಾತನ್ನೇ ಆಡುತ್ತವೆ. ನವ್ಯದ ಅನೇಕರು ಮನಸ್ಸಿನ ಒಳಗೆ ಸುತ್ತುತ್ತಿದ್ದಾಗ ಇವರ ಕಣ್ಣು ಎದುರಿನ ಮನುಷ್ಯನ ಅಂಗಿ, ಕೈ, ಊಟದ ತಟ್ಟೆ ಇವುಗಳ ಮೇಲಿರುತ್ತಿತ್ತು. ಕ್ಯಾಮೆರಾಕ್ಕೆ ಬೇಕಾದದ್ದೂ ಇದೇ.

‘ಪಲ್ಲವಿ’ 1976ರದ್ದು. ನನಗೆ ಲಂಕೇಶರ ಸಿನಿಮಾ ಎಂದರೆ ಇದು. ಉಳಿದ ಮೂರನ್ನು ಬೇಕಾದರೆ ಬಿಟ್ಟುಬಿಡಿ, ಇದೊಂದನ್ನು ಬಿಡಬೇಡಿ.

ಮೂಲ ‘ಬಿರುಕು’. ಅದರ ನಡುವಿನಲ್ಲಿರುವುದು ಬಸವರಾಜ ಎಂಬ ಯುವಕ. ಅವನ ಕಸಿವಿಸಿ, ಅವನ ಅನುಮಾನ, ಊರು ಬಿಟ್ಟು ಪಟ್ಟಣಕ್ಕೆ ಬಂದವನಿಗೆ ಎರಡೂ ಕಡೆ ನೆಲೆ ಸಿಗದ ಸ್ಥಿತಿ. ಆ ಕಾಲದ ನವ್ಯ ಕಾದಂಬರಿಗಳ ನಾಯಕರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಬಸವರಾಜನೂ ಅವರ ನಡುವೆ ನಿಲ್ಲುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ದೃಶ್ಯ ದೃಶ್ಯವಾಗಿ ಒಡೆದು ಚಿತ್ರಕಥೆ ಎಂದು ಹೇಳುತ್ತಿದ್ದರು. ಲಂಕೇಶರು ಒಂಬತ್ತು ವರ್ಷಗಳ ಹಿಂದಿನ ತಮ್ಮ ಪುಸ್ತಕಕ್ಕೆ ನಿಷ್ಠರಾಗಿರಲಿಲ್ಲ. ಕಥೆ ಹೇಳುವ ಅಧಿಕಾರವನ್ನು ಗಂಡಿನಿಂದ ಕಿತ್ತು ಹೆಣ್ಣಿಗೆ ಕೊಟ್ಟರು.

ಶಾಂತಾ ಮತ್ತು ಚಂದ್ರು ಒಟ್ಟಿಗೆ ಓದಿದವರು, ಪ್ರೀತಿಸಿದವರು. ಒಂದೇ ಕೆಲಸದ ಸಂದರ್ಶನಕ್ಕೆ ಇಬ್ಬರೂ ಹೋಗುತ್ತಾರೆ. ಕೆಲಸ ಅವಳಿಗೆ ಸಿಗುತ್ತದೆ. ಈ ಒಂದು ತಿರುವಿನಿಂದ ಉಳಿದದ್ದೆಲ್ಲ ಹೊರಡುತ್ತದೆ. ಅವಳು ಕಚೇರಿಯ ದಿನಚರಿಗೆ ಹೊಂದಿಕೊಳ್ಳುತ್ತಾಳೆ, ಕೊನೆಗೆ ತನಗಿಂತ ದೊಡ್ಡವನಾದ ಮೇಲಧಿಕಾರಿಯನ್ನು ಮದುವೆಯಾಗುತ್ತಾಳೆ. ಅವನು ತೀವ್ರ ರಾಜಕೀಯದ ಕಡೆ ಹೋಗುತ್ತಾನೆ, ಪೊಲೀಸರು ಅವನ ಬೆನ್ನು ಹತ್ತುತ್ತಾರೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಕಣ್ಣೀರಿನ ಕಥೆಯಂತೆ ಕೇಳಿಸುತ್ತದೆ. ತೆರೆಯ ಮೇಲೆ ಹಾಗಿಲ್ಲ. ವಿಮಲಾ ನಾಯ್ಡು ಶಾಂತಾಳನ್ನು ದುರಂತ ನಾಯಕಿ ಮಾಡಲು ಹೋಗಿಲ್ಲ. ಸಂಬಳ ಬರುವ ಹುಡುಗಿಯ ಸಣ್ಣ ಸ್ವಾತಂತ್ರ್ಯ, ಅದರ ಜೊತೆಗೇ ಬರುವ ಸಣ್ಣ ಸಣ್ಣ ರಾಜಿಗಳು, ಇವುಗಳನ್ನು ಅವರು ಮುಖದ ಮೇಲೆ ಹೆಚ್ಚೇನೂ ಬರೆದುಕೊಳ್ಳದೆ ಕಾಣಿಸುತ್ತಾರೆ. ಚಂದ್ರುವಾಗಿ ಟಿ.ಎನ್. ಸೀತಾರಾಮ್. ಅವರೇ, ‘ಮಾಯಾಮೃಗ’, ‘ಮನ್ವಂತರ’ಗಳ ಸೀತಾರಾಮ್. ಕಿರುತೆರೆಯಲ್ಲಿ ಅವರನ್ನು ಕೋರ್ಟಿನ ಕರಿಕೋಟಿನಲ್ಲಿ ನೋಡಿ ಬೆಳೆದವರು ಈ ಒರಟು ಹುಡುಗನನ್ನು ಒಮ್ಮೆ ನೋಡಬೇಕು.

ಅದೇ ಕಾಲದ ಇನ್ನೊಂದು ಚಿತ್ರ ಇಲ್ಲಿ ನೆನಪಾಗುತ್ತದೆ. ಸತ್ಯಜಿತ್ ರಾಯ್ ಅವರ ‘ಜನ ಅರಣ್ಯ’. ಅಲ್ಲಿಯೂ ಕೆಲಸ ಸಿಗದ ಪದವೀಧರ, ಅಲ್ಲಿಯೂ ರಾಜಿ. ಕೊಲ್ಕತ್ತದ ಆ ಹುಡುಗ ದಲ್ಲಾಳಿಯಾಗುತ್ತಾನೆ. ರಾಯ್ ಕಣ್ಣಿಟ್ಟದ್ದು ಕೆಲಸ ಸಿಗದ ಗಂಡಿನ ಮೇಲೆ, ಲಂಕೇಶ್ ಕಣ್ಣಿಟ್ಟದ್ದು ಕೆಲಸ ಸಿಕ್ಕ ಹೆಣ್ಣಿನ ಮೇಲೆ. 1975ರ ಚಿತ್ರಗಳಿಗೆ ಕೊಟ್ಟ ಅತ್ಯುತ್ತಮ ನಿರ್ದೇಶಕನ ರಾಷ್ಟ್ರಪ್ರಶಸ್ತಿ ‘ಜನ ಅರಣ್ಯ’ಕ್ಕಾಗಿ ರಾಯ್ ಅವರಿಗೆ ಬಂತು. ಮರುವರ್ಷದ್ದು ‘ಪಲ್ಲವಿ’ಗಾಗಿ ಲಂಕೇಶರಿಗೆ. ಅದರ ಮರುವರ್ಷದ್ದು ‘ಕಾಂಚನ ಸೀತಾ’ಕ್ಕಾಗಿ ಅರವಿಂದನ್ ಅವರಿಗೆ. ಒಂದು ಚಿತ್ರವನ್ನೂ ಮಾಡದಿದ್ದ ಮೇಷ್ಟ್ರು ಮೊದಲ ಚಿತ್ರದಲ್ಲೇ ರಾಯ್ ಮತ್ತು ಅರವಿಂದನ್ ನಡುವಿನ ಸಾಲಿನಲ್ಲಿ ಬಂದು ಕೂತರು. ಅತ್ಯುತ್ತಮ ಕನ್ನಡ ಚಿತ್ರದ ಪ್ರಶಸ್ತಿಯೂ ‘ಪಲ್ಲವಿ’ಗೇ ಬಂತು. ಅಂದಹಾಗೆ ‘ಪಲ್ಲವಿ’ಗೂ ‘ಕಾಂಚನ ಸೀತಾ’ಕ್ಕೂ ಸಂಗೀತ ರಾಜೀವ ತಾರಾನಾಥರದೇ.

ಆ ಕಾಲದಲ್ಲಿ ನಾವು ಶಿವಮೊಗ್ಗದ ಕೆಲವರು ಚಿತ್ರಸಮಾಜ ಕಟ್ಟಿಕೊಂಡು ಒದ್ದಾಡುತ್ತಿದ್ದೆವು. ಹೆಗ್ಗೋಡಿನಲ್ಲಿ ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಶುರು ಮಾಡಿ, ಅಡಿಕೆ ಸುಲಿಯುವವರಿಗೂ ‘ಬೈಸಿಕಲ್ ಥೀವ್ಸ್’ ತೋರಿಸಿದ್ದರು, ಬೆಂಗಳೂರಿನಲ್ಲಿ ಸುಚಿತ್ರಾ ಇತ್ತು. ನಮಗೆ ಅಷ್ಟು ಶಕ್ತಿ ಇರಲಿಲ್ಲ. ರೀಲಿನ ಡಬ್ಬಿಗಳು ಬಸ್ಸಿನ ಮೇಲೆ ಬರುತ್ತಿದ್ದವು, ಮಳೆ ಬಂದರೆ ಜೀವ ಬಾಯಿಗೆ. ಕನ್ನಡದ ಈ ಹೊಸ ಚಿತ್ರಗಳಿಗೆ ಟಾಕೀಸಿನವರು ಕೊಡುತ್ತಿದ್ದದ್ದು ಬೆಳಗಿನ ಆಟ ಮಾತ್ರ. ಅದೂ ಒಂದು ದಿನ, ಎರಡು ದಿನ. ಮ್ಯಾಟಿನಿಗೆ ರಾಜಕುಮಾರ್ ಚಿತ್ರ ಇರುತ್ತಿತ್ತು. ಬೆಳಗಿನ ಆಟ ಬಿಟ್ಟಾಗ ಹೊರಗೆ ಬರುವ ಕಾಲೇಜು ಮೇಷ್ಟ್ರುಗಳು, ಒಳಗೆ ಹೋಗಲು ನೂಕುತ್ತಿರುವ ಜನ, ಇವರಿಬ್ಬರ ನಡುವೆ ಒಂದು ಮಾತೂ ನಡೆಯುತ್ತಿರಲಿಲ್ಲ. ಈ ದೂರ ಲಂಕೇಶರಂಥವರಿಗೆ ಚುಚ್ಚದೆ ಇದ್ದೀತೆ ಎಂಬ ಪ್ರಶ್ನೆ ನನಗೆ ಆಗಲೇ ಇತ್ತು. ಇವರು ಕೂಲಿಯವನ, ಸಣ್ಣ ರೈತನ, ಬಸ್ಸಿಗೆ ಕಾಯುವವನ ಕಥೆ ಬರೆದವರು. ಅವರ ಚಿತ್ರ ನೋಡುತ್ತಿದ್ದವರು ನಮ್ಮಂಥ ನಾಲ್ಕು ಜನ.

ಕಾಲವೂ ಸುಲಭದ್ದಾಗಿರಲಿಲ್ಲ. ತುರ್ತು ಪರಿಸ್ಥಿತಿಯ ನಡುವೆ ಬಂದ ಚಿತ್ರದಲ್ಲಿ ಪೊಲೀಸರು ಬೆನ್ನಟ್ಟುವ ಹುಡುಗ ಇದ್ದ. ‘ಸಂಸ್ಕಾರ’ದ ಚಂದ್ರಿಯನ್ನು, ಸ್ನೇಹಲತಾ ರೆಡ್ಡಿಯವರನ್ನು, 1976ರಲ್ಲಿ ಬರೋಡ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಬಂಧಿಸಿ ಬೆಂಗಳೂರಿನ ಜೈಲಿಗೆ ಹಾಕಿದ್ದರು. ಅಸ್ತಮಾ ಇದ್ದ ಹೆಂಗಸು. ಪೆರೋಲಿನ ಮೇಲೆ ಹೊರಬಂದ ಅವರು 1977ರ ಜನವರಿಯಲ್ಲಿ ತೀರಿಕೊಂಡರು. ಪಟ್ಟಾಭಿಯವರು ಮುಂದೆ ‘ಚಂಡಮಾರುತ’ ಎಂಬ ಚಿತ್ರ ಮಾಡಿದರು. ಅದಕ್ಕೆ ಮೂಲ ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕ. ಈ ಬಳಗಕ್ಕೆ ಸಿನಿಮಾ ಎನ್ನುವುದು ಬದುಕಿನ ಪಕ್ಕದ ಹವ್ಯಾಸ ಆಗಿರಲಿಲ್ಲ.

‘ಪಲ್ಲವಿ’ಯ ನಂತರ ಲಂಕೇಶರು ಸುಮ್ಮನೆ ಕೂರಲಿಲ್ಲ. 1977ರಲ್ಲಿ ‘ಅನುರೂಪ’. ಆಮೇಲೆ, ಗೋವಿನ ಹಾಡಿನಿಂದ ಎತ್ತಿಕೊಂಡ ಹೆಸರಿನ ‘ಖಂಡವಿದೆಕೋ ಮಾಂಸವಿದೆಕೋ’. 1980ರಲ್ಲಿ ‘ಎಲ್ಲಿಂದಲೋ ಬಂದವರು’. ಅಂದರೆ ಐದು ವರ್ಷದಲ್ಲಿ ನಾಲ್ಕು ಚಿತ್ರ, ನಡುವೆ ‘ಮುಸ್ಸಂಜೆಯ ಕಥಾಪ್ರಸಂಗ’ ಕಾದಂಬರಿ ಬೇರೆ. ನನ್ನ ತೀರ್ಪು ಕೇಳಿದರೆ, ಕೊನೆಯ ಮೂರರಲ್ಲಿ ಒಳ್ಳೆಯ ದೃಶ್ಯಗಳಿವೆ, ಒಳ್ಳೆಯ ಮಾತುಗಳಿವೆ, ‘ಪಲ್ಲವಿ’ಯ ಬಿಗಿ ಇಲ್ಲ. ಅವಸರ ಕಾಣುತ್ತದೆ. ‘ಎಲ್ಲಿಂದಲೋ ಬಂದವರು’ ಚಿತ್ರದ ವಿಶೇಷವೇ ಬೇರೆ. ಬೆಳಗಿನ ಆಟದ ನಿರ್ದೇಶಕನ ಹಾಡುಗಳು ಮದುವೆ ಮನೆಯ ಮೈಕಿಗೆ ಬಂದದ್ದು ಆ ಚಿತ್ರದಿಂದ. ವಿಜಯಭಾಸ್ಕರ್ ರಾಗ ಹಾಕಿದ ‘ಕೆಂಪಾದವೋ’ ಎಷ್ಟೋ ಜನಕ್ಕೆ ಬಾಯಿಪಾಠ, ಬರೆದವರು ಲಂಕೇಶ್ ಎಂದರೆ ಇವತ್ತಿಗೂ ಹುಬ್ಬೇರಿಸುತ್ತಾರೆ. ಚಿತ್ರ ನೋಡಿದವರು ಕಡಿಮೆ, ಹಾಡು ಕೇಳದವರು ಇಲ್ಲ.

ಅಲ್ಲಿಗೆ ನಿಂತಿತು. 1980ರ ಜುಲೈ 6ರಂದು ‘ಲಂಕೇಶ್ ಪತ್ರಿಕೆ’ಯ ಮೊದಲ ಸಂಚಿಕೆ ಬಂತು, ಮತ್ತೆ ಅವರು ಚಿತ್ರ ನಿರ್ದೇಶನಕ್ಕೆ ಕೈ ಹಾಕಲಿಲ್ಲ. ಯಾಕೆ ಬಿಟ್ಟರು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಪತ್ರಿಕೆಗೆ ಪುರುಸೊತ್ತು ಸಾಲಲಿಲ್ಲ ಎಂದು. ಅದು ಅರ್ಧ ಮಾತ್ರ ನಿಜ. ಸಿನಿಮಾದ ದುಡ್ಡು ಎಲ್ಲಿಂದ ಬರುತ್ತದೆ ನೋಡಿ. ನಿರ್ಮಾಪಕ ಕೊಡಬೇಕು, ಸರ್ಕಾರದ ಸಹಾಯಧನ ಬರಬೇಕು, ಸೆನ್ಸಾರ್ ಒಪ್ಪಬೇಕು, ಹಂಚಿಕೆದಾರ ಎತ್ತಿಕೊಳ್ಳಬೇಕು, ಟಾಕೀಸಿನವನು ಬೆಳಗಿನ ಆಟ ಬಿಟ್ಟುಕೊಡಬೇಕು. ಇಷ್ಟು ಬಾಗಿಲು ದಾಟಿ ಪ್ರೇಕ್ಷಕ. ಅವರ ಪತ್ರಿಕೆ ಜಾಹೀರಾತಿನ ಹಣವನ್ನೂ ನೆಚ್ಚಿಕೊಳ್ಳಲಿಲ್ಲ. ಓದುಗ ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯಿಂದ ನಡೆಯಿತು. ಬರೆದವನಿಗೂ ಕೊಂಡವನಿಗೂ ನಡುವೆ ಮೂರನೆಯವನಿಲ್ಲ. ಮುಖ್ಯಮಂತ್ರಿಯ ಬಗ್ಗೆ ಈ ವಾರ ಬರೆದರೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಇದೇ ವಾರ ಜಗಳ. ಬೆಳಗಿನ ಆಟ ಅವರಿಗೆ ಕೊಡದ ಜನ ಅಲ್ಲಿ ಸಿಕ್ಕಿದರು. ಅಂಥ ಜನ ಸಿಕ್ಕ ಮೇಲೆ ಹಂಚಿಕೆದಾರನ ಕಚೇರಿಯ ಬೆಂಚಿನ ಮೇಲೆ ಯಾರು ಕೂರುತ್ತಾರೆ?

ಹಾಗೆಂದು ಸಿನಿಮಾ ವರ್ಷಗಳು ವ್ಯರ್ಥವಾದವು ಎನ್ನಲಾರೆ. ಪತ್ರಿಕೆಯ ಗದ್ಯವನ್ನು ‘ಬಿರುಕು’ವಿನ ಗದ್ಯದ ಪಕ್ಕದಲ್ಲಿಟ್ಟು ಓದಿ. ವ್ಯಕ್ತಿಚಿತ್ರವೊಂದನ್ನು ಅವರು ಶುರು ಮಾಡುವ ರೀತಿ ನೋಡಿ. ಮನುಷ್ಯ ಬಾಗಿಲಲ್ಲಿ ನಿಂತಿರುತ್ತಾನೆ, ಏನೋ ಒಂದು ಮಾತು ಆಡುತ್ತಾನೆ, ವಿವರಣೆ ಆಮೇಲೆ. ಎಲ್ಲಿ ಕತ್ತರಿಸಬೇಕು ಎಂಬುದು ಎಡಿಟಿಂಗ್ ಮೇಜಿನ ಮುಂದೆ ಕೂತು ಬಂದವರ ಕೈಗೆ ತಿಳಿದಿರುತ್ತದೆ. ‘ಪಲ್ಲವಿ’ಯಲ್ಲಿ ಹೆಣ್ಣಿನ ಬಾಯಿಂದ ಕಥೆ ಹೇಳಿಸಿದ ಮನುಷ್ಯ ಪತ್ರಿಕೆಯಲ್ಲಿ ‘ನೀಲು’ ಎಂಬ ಹೆಣ್ಣಿನ ದನಿಯಲ್ಲಿ ಪುಟ್ಟ ಪದ್ಯಗಳನ್ನು ವರ್ಷಗಟ್ಟಲೆ ಬರೆದರು. ಇವೆರಡನ್ನು ಬೇರೆ ಬೇರೆ ಎಂದು ನೋಡಲು ನನಗೆ ಸಾಧ್ಯವಿಲ್ಲ.

ಪಕ್ಕದ ಕೇರಳದಲ್ಲಿ ಬೇರೆಯದೇ ನಡೆಯಿತು. ಎಂ.ಟಿ. ವಾಸುದೇವನ್ ನಾಯರ್ ತಮ್ಮದೇ ಕಥೆಯಿಂದ ‘ನಿರ್ಮಾಲ್ಯಂ’ ಮಾಡಿ 1973ರ ಸ್ವರ್ಣಕಮಲ ಪಡೆದರು. ಆದರೆ ಅವರು ಸಿನಿಮಾ ಬಿಡಲಿಲ್ಲ, ದಶಕಗಳ ಕಾಲ ಚಿತ್ರಕಥೆ ಬರೆದರು. ಅಲ್ಲಿ ಚಿತ್ರಕಥೆಗಳು ಪುಸ್ತಕವಾಗಿ ಅಚ್ಚಾಗುತ್ತವೆ, ಜನ ಕೊಂಡು ಓದುತ್ತಾರೆ, ವಿಮರ್ಶಕರು ಅವನ್ನು ಸಾಹಿತ್ಯವೆಂದೇ ಬಗೆಯುತ್ತಾರೆ. ಜೊತೆಗೆ ಎಂ.ಟಿ. ಬರೆದ ಚಿತ್ರಗಳು ಮ್ಯಾಟಿನಿಗೂ ಓಡಿದವು. ನಮ್ಮಲ್ಲಿ ಕಲಾತ್ಮಕ ಚಿತ್ರ, ವ್ಯಾಪಾರಿ ಚಿತ್ರ ಎಂದು ಎರಡು ಪಂಕ್ತಿ ಹಾಕಿದರು. ಲೇಖಕನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದರು, ಊಟ ಎರಡನೆಯ ಪಂಕ್ತಿಗೆ ಹೋಯಿತು.

ಲಂಕೇಶರು ಬಿಟ್ಟ ಹೊತ್ತಿಗೆ ಲೇಖಕ-ನಿರ್ದೇಶಕನ ಕಸುಬೇ ಕನ್ನಡದಲ್ಲಿ ಇಳಿಮುಖವಾಗಿತ್ತು. ಕಂಬಾರರು ‘ಕರಿಮಾಯಿ’, ‘ಕಾಡು ಕುದುರೆ’, ‘ಸಂಗೀತಾ’ ಮಾಡಿದರು. ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮೂರಿನ ಹೆಸರು ದೆಹಲಿಯಲ್ಲಿ ಕೇಳಿಸಿತು ಎಂಬ ಹೆಮ್ಮೆ ನಮಗೆ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಮತ್ತೆ ಕ್ಯಾಮೆರಾ ಹಿಂದೆ ನಿಂತು, ‘ಕುಡಿಯರ ಕೂಸು’ ಕಾದಂಬರಿಯಿಂದ ‘ಮಲೆಯ ಮಕ್ಕಳು’ ಮಾಡಿದರು. ಬರಗೂರು ರಾಮಚಂದ್ರಪ್ಪನವರು ಬಂದರು, ಅವರು ನಿಂತರು. ಆದರೆ 1977ರಲ್ಲೇ ‘ಘಟಶ್ರಾದ್ಧ’ ಬಂದಾಗಿತ್ತು. ಗಿರೀಶ ಕಾಸರವಳ್ಳಿ ಪುಣೆಯ ಚಿತ್ರ ಸಂಸ್ಥೆಯಲ್ಲಿ ಕಲಿತು ಬಂದವರು. ಲೆನ್ಸು, ಬೆಳಕು, ಶಬ್ದ ಎಲ್ಲ ಬಲ್ಲ ಇಂಥ ನಿರ್ದೇಶಕರು ಬಂದ ಮೇಲೆ ಲೇಖಕ ಮತ್ತೆ ಟೈಟಲ್ ಕಾರ್ಡಿನ ‘ಕಥೆ’ ಎಂಬ ಸಾಲಿಗೆ ಹಿಂದಿರುಗಿದ, ಈ ಸಲ ಗೌರವದಿಂದ. ತೊಂಬತ್ತರ ದಶಕದಲ್ಲಿ ಕಥೆಗಾರ ನಾಗತಿಹಳ್ಳಿ ಚಂದ್ರಶೇಖರ್ ಮೇಷ್ಟ್ರುಗಿರಿಯಿಂದ ಬಂದು ‘ಉಂಡೂ ಹೋದ ಕೊಂಡೂ ಹೋದ’, ‘ಅಮೆರಿಕಾ ಅಮೆರಿಕಾ’ ಮಾಡಿ ಮ್ಯಾಟಿನಿಯನ್ನೂ ಫಸ್ಟ್ ಶೋವನ್ನೂ ತುಂಬಿಸಿದರು. ಲಂಕೇಶರ ದಾರಿಗಿಂತ ಅದು ಬೇರೆ ದಾರಿ. ಯಾವುದು ಮೇಲು ಎಂಬ ಪಂಚಾಯಿತಿಗೆ ನಾನು ಹೋಗುವುದಿಲ್ಲ.

1991ರಲ್ಲಿ ಲಂಕೇಶರು ‘ಅಕ್ಕ’ ಕಾದಂಬರಿ ಬರೆದರು, ಬೆಂಗಳೂರಿನ ಕೊಳೆಗೇರಿಯ ಕ್ಯಾತ ಎಂಬ ಹುಡುಗ ತನ್ನ ಅಕ್ಕನ ಕಥೆ ಹೇಳುವಂತೆ. ಅದನ್ನು ಓದಿದಾಗ ಇದು ಸಿನಿಮಾ ಎಂದು ಅನ್ನಿಸಿದವನು ನಾನೊಬ್ಬನೇ ಇರಲಾರೆ. 1999ರಲ್ಲಿ ಮಗಳು ಕವಿತಾ ಅದನ್ನು ‘ದೇವೀರಿ’ಯಾಗಿ ತೆರೆಗೆ ತಂದರು, ನಂದಿತಾ ದಾಸ್ ಅಕ್ಕನಾದರು. ಮರುವರ್ಷ ಜನವರಿ 25ರಂದು ಲಂಕೇಶರು ಹೋದರು, 64 ತುಂಬಿದ್ದ ವಯಸ್ಸಿನಲ್ಲಿ. ಎಲ್ಲ ಕಡೆ ಅವರನ್ನು ಪತ್ರಕರ್ತ ಎಂದು ಬರೆದರು, ಸಾಹಿತಿ ಎಂದು ಬರೆದರು. ನಿರ್ದೇಶಕ ಎಂಬ ಮಾತು ಕೊನೆಯಲ್ಲಿ, ಅಲ್ಪವಿರಾಮದ ಆಚೆಗೆ ಬಂತು.

ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳುವ ಗೆಳೆಯರಿಗೆ ಒಂದು ಮಾತು. ‘ಬಿರುಕು’ ಪಾಠ ಮಾಡುವಾಗ ದಯವಿಟ್ಟು ‘ಪಲ್ಲವಿ’ಯನ್ನೂ ತೋರಿಸಿ. ಕಾದಂಬರಿ ಮೊದಲು, ಚಿತ್ರ ಆಮೇಲೆ. ಬಸವರಾಜನ ಕಥೆ ಶಾಂತಾಳ ಕಥೆ ಆದದ್ದು ಯಾಕೆ ಎಂದು ಮಕ್ಕಳನ್ನೇ ಕೇಳಿ, ಉತ್ತರ ಅವರೇ ಹೇಳಲಿ.